ಹಳೆಯ ಕ್ವಿಲ್ಟ್ ಸಾಫ್ಟ್‌ವೇರ್, ಹೊಸ ಕಂಪ್ಯೂಟರ್: ಮೊದಲು ಡಿಸೈನ್ ಉಳಿಸಿ, ಆಮೇಲೆ ಸಿ.ಡಿ. ಹುಡುಕಿ

ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಬರುವ ಮೊದಲ ತಲೆನೋವು, ಹಳೆಯ ಸಾಫ್ಟ್‌ವೇರ್ ಅದರಲ್ಲಿ ನಡೆಯುತ್ತಾ ಅನ್ನೋದು. ಕ್ವಿಲ್ಟ್, ಅಂದರೆ ಬಟ್ಟೆಯ ತುಂಡು ಜೋಡಿಸಿದ ಕೌದಿಯಂಥ ಹೊದಿಕೆ ಹೊಲಿಯುವವರಿಗೆ ಈ ತಲೆನೋವು ಸ್ವಲ್ಪ ಜಾಸ್ತಿ. ಅವರ ಸಾಫ್ಟ್‌ವೇರ್ ಕೊಂಡದ್ದು ಹತ್ತಿಪ್ಪತ್ತು ವರ್ಷದ ಹಿಂದೆ. ಬೆಲೆಯೂ ಕಡಿಮೆ ಇರಲಿಲ್ಲ. ಅದರೊಳಗೆ ಬ್ಲಾಕುಗಳು (ಜೋಡಿಸಿ ಕ್ವಿಲ್ಟ್ ಮಾಡುವ ಚೌಕಗಳು), ಬಟ್ಟೆಯ ಬಣ್ಣಗಳು, ಅರ್ಧಕ್ಕೆ ನಿಂತ ಹಾಸಿಗೆ ಹೊದಿಕೆಗಳು ಎಲ್ಲ ಇವೆ. ಅಮೆರಿಕದಲ್ಲಿರುವ ಅಕ್ಕನೋ ಅತ್ತಿಗೆಯೋ ಊರಿಗೆ ಬಂದಾಗ ತಂದುಕೊಟ್ಟ ಸಿ.ಡಿ.ಯೂ ಇರಬಹುದು.

ಈ ಲೇಖನದಲ್ಲಿ ಉದಾಹರಣೆಗೆ ಎಲೆಕ್ಟ್ರಿಕ್ ಕ್ವಿಲ್ಟ್ ಇಟ್ಟುಕೊಂಡಿದ್ದೇನೆ. ಕ್ವಿಲ್ಟ್ ಡಿಸೈನ್ ಸಾಫ್ಟ್‌ವೇರ್ ಅಂದರೆ ಹೆಚ್ಚಿನವರಿಗೆ ನೆನಪಾಗೋದು ಅದೇ. ಓಹಾಯೋ ರಾಜ್ಯದ ಬೌಲಿಂಗ್ ಗ್ರೀನ್ ಊರಿನಲ್ಲಿ ಪೆನ್ನಿ ಮೆಕ್‌ಮಾರಿಸ್ ಮತ್ತು ಡೀನ್ ನಾಯ್ಮನ್ ಇದನ್ನು ಶುರು ಮಾಡಿದರು. ಮೊದಲ ಆವೃತ್ತಿ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ್ದು. ಎಲೆಕ್ಟ್ರಿಕ್ ಕ್ವಿಲ್ಟ್‌ನ ಐದನೆಯ ಆವೃತ್ತಿ ಇಕ್ಯೂ5 ಬಂದದ್ದು 2001ರಲ್ಲಿ, ಇಕ್ಯೂ6 2006ರಲ್ಲಿ, ಇಕ್ಯೂ7 2010ರಲ್ಲಿ, ಇಕ್ಯೂ8 2017ರಲ್ಲಿ. ನಿಮ್ಮ ಹತ್ತಿರ ಬೇರೆ ಕಂಪನಿಯ ಸಾಫ್ಟ್‌ವೇರ್ ಇದ್ದರೂ ಕೆಳಗಿನ ಹೆಚ್ಚಿನ ಮಾತು ಅದಕ್ಕೂ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಆಸ್ತಿ ಸಾಫ್ಟ್‌ವೇರ್ ಅಲ್ಲ, ನೀವು ಮಾಡಿದ ಡಿಸೈನುಗಳು. ಸಾಫ್ಟ್‌ವೇರ್ ಇನ್ನೊಂದು ಸಿಗುತ್ತದೆ, ಡಿಸೈನ್ ಹೋದರೆ ಹೋಯಿತು. ಆದ್ದರಿಂದ ಹಳೆಯ ಕಂಪ್ಯೂಟರ್ ಇನ್ನೂ ಉಸಿರಾಡುತ್ತಿದ್ದರೆ ಹೊಸದನ್ನು ಪಕ್ಕಕ್ಕಿಟ್ಟು ಅಲ್ಲಿಂದಲೇ ಶುರು ಮಾಡಿ.

ಹಳೆಯ ಕಂಪ್ಯೂಟರಿನಲ್ಲಿ ಮಾಡಬೇಕಾದ ಕೆಲಸ

ಮೊದಲು ಪ್ರಾಜೆಕ್ಟ್ ಫೈಲುಗಳು ಎಲ್ಲಿವೆ ಅಂತ ಪತ್ತೆ ಮಾಡಿ. ಎಲೆಕ್ಟ್ರಿಕ್ ಕ್ವಿಲ್ಟ್‌ನಲ್ಲಿ ಫೈಲಿನ ಬಾಲ ನೋಡಿದರೆ ಆವೃತ್ತಿ ಗೊತ್ತಾಗುತ್ತದೆ. ಇಕ್ಯೂ5ರ ಫೈಲು ಪಿಜೆ5, ಇಕ್ಯೂ6ರದ್ದು ಪಿಜೆ6, ಹೀಗೇ ಮುಂದೆ. ವಿಂಡೋಸ್ ಈ ಬಾಲವನ್ನು ಸಾಮಾನ್ಯವಾಗಿ ಮರೆಮಾಡಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಅನ್ನೋದಕ್ಕೆ ಟಿಕ್ ಹಾಕಿ. ಆಮೇಲೆ ಸಿ ಡ್ರೈವ್ ತೆರೆದು, ಹುಡುಕುವ ಜಾಗದಲ್ಲಿ ನಕ್ಷತ್ರ ಚಿಹ್ನೆ, ಚುಕ್ಕೆ, ಪಿಜೆ5 ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಇದ್ದಬದ್ದ ಪ್ರಾಜೆಕ್ಟುಗಳೆಲ್ಲ ಸಾಲಾಗಿ ಬರುತ್ತವೆ.

ಬರಲಿಲ್ಲವಾ? ಹೆದರಬೇಡಿ, ಒಂದು ಕಳ್ಳಜಾಗ ಇದೆ. ಹಳೆಯ ಸಾಫ್ಟ್‌ವೇರ್‌ಗಳಿಗೆ ತಮ್ಮ ಫೋಲ್ಡರ್‌ನಲ್ಲೇ, ಅಂದರೆ ಪ್ರೋಗ್ರಾಮ್ ಫೈಲ್ಸ್ ಒಳಗೇ ಫೈಲ್ ಇಡುವ ಅಭ್ಯಾಸ. ವಿಸ್ತಾ ಆವೃತ್ತಿ ಬಂದ ಮೇಲೆ ವಿಂಡೋಸ್ ಅದಕ್ಕೆ ತಡೆ ಹಾಕಿತು. ಆದರೆ 'ಇಲ್ಲ' ಅನ್ನದೆ, ಸುಮ್ನೆ ಫೈಲನ್ನು ಇನ್ನೊಂದು ಕಡೆ ಇಟ್ಟಿತು. ಆ ಜಾಗದ ಹೆಸರು ವರ್ಚುವಲ್‌ಸ್ಟೋರ್. ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್, ಇದು ದಾರಿ. ಆ್ಯಪ್‌ಡೇಟಾ ಫೋಲ್ಡರ್ ಕಣ್ಣಿಗೆ ಬೀಳಬೇಕಾದರೆ ಅದೇ ವ್ಯೂ ಮೆನುವಿನಲ್ಲಿ 'ಹಿಡನ್ ಐಟಮ್ಸ್'ಗೂ ಟಿಕ್ ಹಾಕಬೇಕು. ಬ್ಯಾಕಪ್ ತೆಗೆದುಕೊಂಡೆ ಅಂತ ನೆಮ್ಮದಿಯಾಗಿ ಹಳೆಯ ಕಂಪ್ಯೂಟರ್ ಮಾರಿದವರ ಫೈಲು ಹೆಚ್ಚಾಗಿ ಉಳಿದುಹೋಗೋದು ಇಲ್ಲೇ.

ಸಿಕ್ಕ ಫೈಲುಗಳನ್ನು ಪೆನ್‌ಡ್ರೈವ್‌ಗೆ ಒಂದು ಪ್ರತಿ, ಗೂಗಲ್ ಡ್ರೈವ್‌ನಂಥ ಕಡೆಗೆ ಇನ್ನೊಂದು ಪ್ರತಿ ಹಾಕಿ. ನೀವೇ ಸ್ಕ್ಯಾನ್ ಮಾಡಿದ ಬಟ್ಟೆಯ ಚಿತ್ರಗಳಿದ್ದರೆ ಅವನ್ನೂ ಸೇರಿಸಿ.

ಇನ್ನೊಂದು ಕೆಲಸಕ್ಕೆ ಅರ್ಧ ದಿನ ಹಿಡಿಯಬಹುದು, ಆದರೆ ಬಿಡಬೇಡಿ. ನಿಮಗೆ ಮುಖ್ಯ ಅನಿಸಿದ ಪ್ರತಿ ಕ್ವಿಲ್ಟನ್ನೂ ತೆರೆದು, ಚಿತ್ರವಾಗಿ ಎಕ್ಸ್‌ಪೋರ್ಟ್ ಮಾಡಿ. ಬಟ್ಟೆ ಎಷ್ಟು ಬೇಕು ಅನ್ನುವ ಯಾರ್ಡೇಜ್ ಪಟ್ಟಿ, ಕತ್ತರಿಸುವ ಅಳತೆಯ ರೋಟರಿ ಕಟಿಂಗ್ ಚಾರ್ಟ್, ಬಟ್ಟೆ ಇಟ್ಟು ಹೊಲಿಯುವ ಕಾಗದದ ನಕ್ಷೆಯಾದ ಫೌಂಡೇಶನ್ ಪ್ಯಾಟರ್ನ್, ಇವನ್ನು ಪಿಡಿಎಫ್ ಆಗಿ ಪ್ರಿಂಟ್ ಮಾಡಿಡಿ. ವಿಂಡೋಸ್ 10ರಿಂದ ಈಚೆಗೆ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅಂತ ಪ್ರಿಂಟರ್ ಪಟ್ಟಿಯಲ್ಲೇ ಸಿಗುತ್ತದೆ. ನಾಳೆ ಸಾಫ್ಟ್‌ವೇರ್ ಎಲ್ಲೂ ನಡೆಯದೆ ಹೋದರೂ ಈ ಪಿಡಿಎಫ್ ಇಟ್ಟುಕೊಂಡು ಕ್ವಿಲ್ಟ್ ಹೊಲಿಯಬಹುದು.

ಕೊನೆಗೆ ಹೆಲ್ಪ್ ಮೆನು ನೋಡಿ. ಅಲ್ಲಿ 'ಡಿಆ್ಯಕ್ಟಿವೇಟ್' ಅಂತ ಇದ್ದರೆ, ಮೇಲಿನದೆಲ್ಲ ಮುಗಿದ ಮೇಲೆ ಅದನ್ನು ಒತ್ತಿ. ಲೈಸೆನ್ಸ್ ಹಳೆಯ ಕಂಪ್ಯೂಟರಿಗೇ ಅಂಟಿಕೊಂಡಿದ್ದರೆ ಹೊಸದರಲ್ಲಿ ಆ್ಯಕ್ಟಿವೇಟ್ ಆಗದೆ ತಕರಾರು ಮಾಡುತ್ತದೆ. ಆಗ ಕಂಪನಿಗೆ ಮೇಲ್ ಬರೆದು ಕಾಯೋದೊಂದೇ ದಾರಿ.

ಸಿ.ಡಿ. ಹಾಕೋಕೆ ಜಾಗವೇ ಇಲ್ಲ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರಲ್ಲ. ಯುಎಸ್‌ಬಿ ಡಿವಿಡಿ ರೈಟರ್ ಯಾರ ಹತ್ತಿರವಾದರೂ ಕೇಳಿ ತನ್ನಿ, ಒಂದು ಸಲಕ್ಕೆ ಸಾಕು. ಆ ಒಂದು ಸಲದಲ್ಲೇ ಸಿ.ಡಿ.ಯ ಐಎಸ್ಒ ಪ್ರತಿ, ಅಂದರೆ ಇಡೀ ಸಿ.ಡಿ.ಯನ್ನು ಒಂದೇ ಫೈಲಾಗಿಸಿದ ನಕಲು, ಮಾಡಿಕೊಳ್ಳಿ. ಇಮ್ಜ್‌ಬರ್ನ್ ಅನ್ನುವ ಉಚಿತ ಸಾಧನದಲ್ಲಿ 'ಕ್ರಿಯೇಟ್ ಇಮೇಜ್ ಫೈಲ್ ಫ್ರಮ್ ಡಿಸ್ಕ್' ಅಂತ ಇದೆ. ಆಮೇಲೆ ಆ ಐಎಸ್ಒ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಸಾಕು, ವಿಂಡೋಸ್ ಅದನ್ನು ಸಿ.ಡಿ. ಹಾಕಿದ ಹಾಗೆಯೇ ತೆರೆಯುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಸಿ.ಡಿ.ಗೆ ಬೂಷ್ಟು ಹಿಡಿಯೋದು ಗೊತ್ತೇ ಇದೆಯಲ್ಲ. ಪ್ರತಿ ಇರಲಿ.

ಸಿ.ಡಿ. ಡಬ್ಬಿಯ ಮೇಲಿನ ಸೀರಿಯಲ್ ನಂಬರನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಸಿ.ಡಿ.ಯೇ ಕಳೆದುಹೋಗಿದ್ದರೆ, ಕೊಂಡ ದಾಖಲೆ ಹಿಡಿದುಕೊಂಡು ಕಂಪನಿಯನ್ನೇ ಕೇಳಿ. ಯಾವುದೋ ಸೈಟಿನಿಂದ 'ಫ್ರೀ ಕ್ರ್ಯಾಕ್' ಇಳಿಸಿಕೊಳ್ಳೋಕೆ ಮಾತ್ರ ಹೋಗಬೇಡಿ. ಕ್ವಿಲ್ಟ್ ಡಿಸೈನಿಗಾಗಿ ಬ್ಯಾಂಕ್ ಪಾಸ್‌ವರ್ಡ್ ಕಳೆದುಕೊಳ್ಳೋದು ಯಾರಿಗೆ ಬೇಕು?

ವಿಂಡೋಸ್ 11ರಲ್ಲಿ ಹಾಕುವ ಕ್ರಮ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹೊಸ ಕಂಪ್ಯೂಟರ್ ಅಂದರೆ ಈಗ ವಿಂಡೋಸ್ 11. ಹತ್ತರಲ್ಲಿ ಇರುವವರಿಗೂ ಹೆಜ್ಜೆಗಳು ಹೆಚ್ಚುಕಮ್ಮಿ ಇವೇ.

1. ಮೊದಲು ಲ್ಯಾಪ್‌ಟಾಪ್ 'ಎಸ್ ಮೋಡ್'ನಲ್ಲಿ ಇದೆಯಾ ನೋಡಿ. ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳು ಹಾಗೇ ಬರುತ್ತವೆ. ಎಸ್ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದದ್ದು ಬಿಟ್ಟರೆ ಬೇರೇನೂ ನಡೆಯಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್‌ಗೆ ಹೋಗಿ ಅದರಿಂದ ಹೊರಬರಬಹುದು. ದುಡ್ಡು ಕೊಡಬೇಕಿಲ್ಲ. ಆದರೆ ಹೊರಬಂದ ಮೇಲೆ ಒಳಗೆ ಹೋಗೋಕೆ ಆಗಲ್ಲ.

2. ಸಿ.ಡಿ. ತೆರೆದು 'ಸೆಟಪ್' ಫೈಲಿನ ಮೇಲೆ ಬಲಗಡೆ ಕ್ಲಿಕ್ ಮಾಡಿ, 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ನೀಲಿ ಬಣ್ಣದ ಎಚ್ಚರಿಕೆ ಬಂದರೆ 'ಮೋರ್ ಇನ್ಫೋ', ಆಮೇಲೆ 'ರನ್ ಎನಿವೇ'. ಇದು ನಿಮ್ಮದೇ ಅಸಲಿ ಸಿ.ಡಿ.ಗೆ ಮಾತ್ರ ಹೇಳಿದ ಮಾತು.

3. ಎಲ್ಲಿ ಹಾಕಲಿ ಅಂತ ಕೇಳಿದಾಗ ಪ್ರೋಗ್ರಾಮ್ ಫೈಲ್ಸ್ ಬೇಡ ಅನ್ನಿ. ಸಿ ಡ್ರೈವ್‌ನಲ್ಲಿ ನೇರವಾಗಿ ಇಕ್ಯೂ5 ಅಂತಲೋ ಇನ್ನೇನೋ ಒಂದು ಚಿಕ್ಕ ಹೆಸರಿನ ಫೋಲ್ಡರ್ ಕೊಡಿ. ಮೇಲೆ ಹೇಳಿದ ವರ್ಚುವಲ್‌ಸ್ಟೋರ್ ರಗಳೆ ಅಲ್ಲಿಗೇ ಮುಗಿಯುತ್ತದೆ.

4. ಸಾಫ್ಟ್‌ವೇರ್ ತೆರೆಯದಿದ್ದರೆ, ಅಥವಾ ತೆರೆದು ತಕ್ಷಣ ಮುಚ್ಚಿಹೋದರೆ, ಅದರ ಐಕಾನ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. 'ಕಂಪ್ಯಾಟಿಬಿಲಿಟಿ' ಪುಟದಲ್ಲಿ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 ಆರಿಸಿ ನೋಡಿ. ಇಕ್ಯೂ7ರ ಕಾಲದ್ದಾದರೆ ವಿಂಡೋಸ್ 7 ಆರಿಸಿ.

5. ಹಳೆಯ ಸಾಫ್ಟ್‌ವೇರ್ ನಡೆಸೋಕೆ ಮೈಕ್ರೋಸಾಫ್ಟ್‌ನ ಸಹಾಯಕ ಭಾಗವಾದ ಡಾಟ್ ನೆಟ್ 3.5 ಬೇಕು ಅಂತ ವಿಂಡೋಸ್ ಕೇಳಿದರೆ ಒಪ್ಪಿಕೊಳ್ಳಿ. ಇಂಟರ್‌ನೆಟ್ ಇದ್ದರೆ ತಾನೇ ಇಳಿಸಿಕೊಳ್ಳುತ್ತದೆ.

6. ಬಟನ್‌ಗಳು ಇರುವೆಯಷ್ಟು ಸಣ್ಣ ಕಾಣುತ್ತಿವೆಯಾ? ಹೊಸ ಪರದೆಯಲ್ಲಿ ಚುಕ್ಕೆಗಳು ಜಾಸ್ತಿ, ಹಳೆಯ ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ. ಅದೇ ಕಂಪ್ಯಾಟಿಬಿಲಿಟಿ ಪುಟದಲ್ಲಿ 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್' ಒತ್ತಿ. ಕೆಳಗಿನ 'ಓವರ್‌ರೈಡ್' ಸಾಲಿಗೆ ಟಿಕ್ ಹಾಕಿ, ಪಟ್ಟಿಯಲ್ಲಿ 'ಸಿಸ್ಟಮ್' ಆರಿಸಿ. ಗೆರೆ ಸ್ವಲ್ಪ ಮಸುಕಾಗುತ್ತದೆ, ಆದರೆ ಕಣ್ಣಿಗೆ ಕಾಣುತ್ತದೆ. 'ಸಿಸ್ಟಮ್ ಎನ್‌ಹಾನ್ಸ್ಡ್' ಅನ್ನೋದನ್ನೂ ಒಮ್ಮೆ ನೋಡಿ, ಕೆಲವು ಸಾಫ್ಟ್‌ವೇರ್‌ಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತದೆ.

ಸಾಫ್ಟ್‌ವೇರ್ ನಡೆಯುತ್ತಿದೆ, ಆದರೆ ಹೆಲ್ಪ್ ಒತ್ತಿದರೆ ಏನೂ ಬರ್ತಿಲ್ಲ ಅನ್ನೋದು ಇನ್ನೊಂದು ದೂರು. ಹಳೆಯ ಹೆಲ್ಪ್ ಫೈಲುಗಳನ್ನು ತೆರೆಯುತ್ತಿದ್ದ ವಿನ್‌ಹೆಲ್ಪ್ ಅನ್ನು ಮೈಕ್ರೋಸಾಫ್ಟ್ ವಿಸ್ತಾ ಕಾಲದಲ್ಲೇ ತೆಗೆದುಹಾಕಿತು. ವಿಂಡೋಸ್ 10ಕ್ಕೆ, 11ಕ್ಕೆ ಅದನ್ನು ಕೊಡಲೇ ಇಲ್ಲ. ಇದು ನಿಮ್ಮ ಇನ್‌ಸ್ಟಾಲ್ ಕೆಟ್ಟದ್ದಲ್ಲ. ಅಚ್ಚಾದ ಕೈಪಿಡಿ ಇದ್ದರೆ ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ, ಅಷ್ಟೇ.

ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಕಿವಿಮಾತು

ಇಂಗ್ಲಿಷ್ ಸಹಾಯ ಪುಟಗಳಲ್ಲಿ ಇದು ಸಿಗಲ್ಲ, ಅದಕ್ಕೇ ಬೇರೆಯಾಗಿ ಹೇಳುತ್ತಿದ್ದೇನೆ. ಆ ಕಾಲದ ಬಹಳಷ್ಟು ಸಾಫ್ಟ್‌ವೇರ್‌ಗಳಿಗೆ ಯೂನಿಕೋಡ್, ಅಂದರೆ ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಬರೆಯುವ ಸಂಕೇತ, ಗೊತ್ತಿಲ್ಲ. ಫೈಲಿಗೆ 'ಅಮ್ಮನ ಹೊದಿಕೆ' ಅಂತ ಕನ್ನಡದಲ್ಲೇ ಹೆಸರಿಟ್ಟರೆ ಅವಕ್ಕೆ ಕಾಣೋದು ಬರೀ ಪ್ರಶ್ನೆ ಚಿಹ್ನೆಗಳ ಸಾಲು. ಫೈಲ್ ಕಣ್ಣೆದುರೇ ಇರುತ್ತದೆ, ಸಾಫ್ಟ್‌ವೇರ್ ಮಾತ್ರ 'ಸಿಗಲಿಲ್ಲ' ಅನ್ನುತ್ತದೆ. ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೂ ಇದೇ ಕಥೆ. ವಿಂಡೋಸ್‌ನ ಯೂಸರ್ ಫೋಲ್ಡರೇ ಕನ್ನಡದಲ್ಲಿದ್ದರೆ ಡಾಕ್ಯುಮೆಂಟ್ಸ್ ಒಳಗಿನದು ಒಂದೂ ತೆರೆಯದೆ ಹೋಗಬಹುದು. ಪರಿಹಾರ ಸುಲಭ. ಸಿ ಡ್ರೈವ್‌ನಲ್ಲಿ ಇಂಗ್ಲಿಷ್ ಅಕ್ಷರದ ಒಂದು ಫೋಲ್ಡರ್ ಮಾಡಿ, ಪ್ರಾಜೆಕ್ಟುಗಳನ್ನೆಲ್ಲ ಅಲ್ಲಿಡಿ, ಫೈಲುಗಳ ಹೆಸರನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ.

ಇದರಿಂದ ಇನ್ನೊಂದು ಲಾಭವೂ ಇದೆ. ಈಗಿನ ವಿಂಡೋಸ್ ಡಾಕ್ಯುಮೆಂಟ್ಸ್ ಫೋಲ್ಡರನ್ನು ನಿಮಗೆ ಗೊತ್ತಾಗುವ ಮೊದಲೇ ಒನ್‌ಡ್ರೈವ್‌ಗೆ, ಅಂದರೆ ಇಂಟರ್‌ನೆಟ್ಟಿನಲ್ಲಿರುವ ಮೈಕ್ರೋಸಾಫ್ಟ್ ಜಾಗಕ್ಕೆ, ಸಾಗಿಸಿರಬಹುದು. ಹಳೆಯ ಸಾಫ್ಟ್‌ವೇರ್ ಅಲ್ಲಿ ದಾರಿ ತಪ್ಪುತ್ತದೆ. ಸಿ ಡ್ರೈವ್‌ನ ಸ್ವಂತ ಫೋಲ್ಡರ್‌ಗೆ ಆ ಕಾಟ ಇಲ್ಲ.

ಜಪ್ಪಯ್ಯ ಅಂದರೂ ನಡೆಯದಿದ್ದರೆ

'ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ' ಅಂತ ಬಂದರೆ, ಹೆಚ್ಚಾಗಿ ಅದು 16 ಬಿಟ್ ಸಾಫ್ಟ್‌ವೇರ್, ಅಂದರೆ ತೀರಾ ಹಳೆಯ ಬಗೆಯ ಕಂಪ್ಯೂಟರಿಗೆ ಬರೆದದ್ದು. ವಿಂಡೋಸ್ 11 ಬರೋದೇ 64 ಬಿಟ್‌ನಲ್ಲಿ, 64 ಬಿಟ್ ವಿಂಡೋಸ್ 16 ಬಿಟ್‌ನದ್ದನ್ನು ಮುಟ್ಟುವುದೇ ಇಲ್ಲ. ಇಲ್ಲಿ ಕಂಪ್ಯಾಟಿಬಿಲಿಟಿ ಪುಟದಲ್ಲಿ ಎಷ್ಟು ತಿಣುಕಾಡಿದರೂ ಫಲವಿಲ್ಲ. ಇದರಲ್ಲಿ ಒಂದು ಮಜಾ ಇದೆ. 1990ರ ದಶಕದ ಕೊನೆಯ ಕೆಲವು ಸಾಫ್ಟ್‌ವೇರ್‌ಗಳು ತಾವು 32 ಬಿಟ್ ಆಗಿದ್ದರೂ, ಅವುಗಳ ಸೆಟಪ್ ಮಾತ್ರ 16 ಬಿಟ್. ಮನೆ ಸರಿಯಿದೆ, ಬಾಗಿಲು ತೆಗೆಯೋಕೆ ಬರ್ತಿಲ್ಲ ಅಂದ ಹಾಗೆ. ಹಳೆಯ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಿರುವ ಇಡೀ ಫೋಲ್ಡರನ್ನೇ ಹೊಸದಕ್ಕೆ ನಕಲು ಮಾಡಿದರೆ ಇಂಥವು ಕೆಲವೊಮ್ಮೆ ಓಡಿಬಿಡುತ್ತವೆ. ಪ್ರಯತ್ನಿಸಿ ನೋಡೋದರಲ್ಲಿ ನಷ್ಟ ಇಲ್ಲ.

ಡಾಸ್ ಕಾಲದ ಸಾಫ್ಟ್‌ವೇರ್‌ಗೆ ಡಾಸ್‌ಬಾಕ್ಸ್ ಇದೆ, ಉಚಿತ. ವಿಂಡೋಸ್ 3.1 ಕಾಲದ 16 ಬಿಟ್‌ನದ್ದಕ್ಕೆ ವೈನ್‌ವಿಡಿಎಂ ಅನ್ನುವ ಉಚಿತ ಸಾಧನ ಇದೆ. ಇವೂ ಕೈಕೊಟ್ಟರೆ ವರ್ಚುವಲ್ ಮಷೀನ್, ಅಂದರೆ ಹೊಸ ಕಂಪ್ಯೂಟರಿನ ಒಳಗೇ ಒಂದು ಹಳೆಯ ಕಂಪ್ಯೂಟರ್. ಒರಾಕಲ್‌ನ ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಎಕ್ಸ್‌ಪಿಯ ಅಸಲಿ ಸಿ.ಡಿ. ಮತ್ತು ಕೀ ನಿಮ್ಮ ಹತ್ತಿರ ಇರಬೇಕು. ಹೊಸ ಮಷೀನ್ ಮಾಡುವಾಗ 1 ಜಿಬಿ ಮೆಮೊರಿ, 10 ಜಿಬಿ ಡಿಸ್ಕ್ ಕೊಟ್ಟರೆ ಧಾರಾಳ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿದೆ, ಆದ್ದರಿಂದ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 'ಎನೇಬಲ್ ನೆಟ್‌ವರ್ಕ್ ಅಡಾಪ್ಟರ್' ಟಿಕ್ ತೆಗೆದುಬಿಡಿ. ಎಲ್ಲ ಸರಿಯಾಗಿ ನಡೆಯುತ್ತಿರುವಾಗ ಒಂದು 'ಸ್ನ್ಯಾಪ್‌ಶಾಟ್' ತೆಗೆದಿಟ್ಟರೆ, ನಾಳೆ ಏನಾದರೂ ಕೆಟ್ಟರೂ ಇವತ್ತಿನ ಸ್ಥಿತಿಗೆ ಮರಳಬಹುದು.

ನನ್ನನ್ನು ಕೇಳಿದರೆ, ಎಂಟು ಹತ್ತು ಪ್ರಾಜೆಕ್ಟ್‌ಗಳಿಗಾಗಿ ಇಷ್ಟೆಲ್ಲ ಮಾಡೋದು ದಂಡ. ಅಷ್ಟಿದ್ದರೆ ಪಿಡಿಎಫ್ ಮಾಡಿಕೊಂಡು ಹೊಸ ಆವೃತ್ತಿಗೆ ಹೋಗೋದೇ ಲೇಸು. ನೂರಾರು ಪ್ರಾಜೆಕ್ಟ್ ಇರುವವರಿಗೆ, ಅಥವಾ ಕಂಪನಿಯೇ ಮುಚ್ಚಿಹೋದ ಸಾಫ್ಟ್‌ವೇರ್ ಇರುವವರಿಗೆ ಮಾತ್ರ ಈ ಶ್ರಮ ಸಾರ್ಥಕ.

ಹೊಸ ಆವೃತ್ತಿಗೆ ಹೋಗುವವರು ಒಂದು ವಿಷಯ ಗಮನದಲ್ಲಿಡಿ. ಹೊಸ ಆವೃತ್ತಿ ಹಿಂದಿನ ಆವೃತ್ತಿಯ ಫೈಲ್ ತೆರೆಯಬಹುದು, ಆದರೆ ಒಮ್ಮೆ ಪಿಜೆ8 ಆಗಿ ಉಳಿಸಿದ್ದನ್ನು ಇಕ್ಯೂ7 ತೆರೆಯಲ್ಲ. ಹಳೆಯ ಫೈಲನ್ನು ಅಳಿಸಬೇಡಿ.

ಮ್ಯಾಕ್ ಇರುವವರಿಗೆ

ಮ್ಯಾಕ್‌ನಲ್ಲಿ ದಾರಿ ಇನ್ನೂ ಕಿರಿದು. 2019ರ ಕ್ಯಾಟಲೀನಾದಿಂದ ಆ್ಯಪಲ್ 32 ಬಿಟ್ ಸಾಫ್ಟ್‌ವೇರ್‌ಗಳನ್ನು ಪೂರ್ತಿ ನಿಲ್ಲಿಸಿತು. ಅಪ್‌ಡೇಟ್ ಒತ್ತಿದ ಮರುದಿನ ಕ್ವಿಲ್ಟ್ ಸಾಫ್ಟ್‌ವೇರ್ ತೆರೆಯಲಿಲ್ಲ ಅನ್ನುವವರ ಕಥೆ ಇದೇ. ಇಂಟೆಲ್ ಚಿಪ್ ಇರುವ ಮ್ಯಾಕ್ ಆದರೆ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಂಡು, ವಿಂಡೋಸ್‌ನ ಸಿ.ಡಿ. ಓಡಿಸಬಹುದು. 2020ರ ಕೊನೆಯಿಂದ ಬಂದ ಎಂ1 ಮತ್ತು ಅದರ ನಂತರದ ಚಿಪ್‌ಗಳಲ್ಲಿ ಬೂಟ್ ಕ್ಯಾಂಪ್ ಇಲ್ಲ. ಅಲ್ಲಿ ಪ್ಯಾರಲಲ್ಸ್‌ನಂಥದ್ದರಲ್ಲಿ ವಿಂಡೋಸ್ 11 ಹಾಕಬೇಕು, ಅಥವಾ ವಿಂಡೋಸ್ ಹಾಕದೆಯೇ ಅದರ ಸಾಫ್ಟ್‌ವೇರ್ ಓಡಿಸುವ ಕ್ರಾಸ್‌ಓವರ್ ಪ್ರಯತ್ನಿಸಬೇಕು. ಎರಡಕ್ಕೂ ದುಡ್ಡು ಬೇಕು, ಕೊಳ್ಳುವ ಮೊದಲು ಟ್ರಯಲ್‌ನಲ್ಲಿ ನಿಮ್ಮ ಸಾಫ್ಟ್‌ವೇರ್ ನಡೆಯುತ್ತಾ ನೋಡಿಕೊಳ್ಳಿ.

ಪ್ರಿಂಟ್: ಬಟ್ಟೆ ಹಾಳಾಗೋದು ಇಲ್ಲೇ

ಸಾಫ್ಟ್‌ವೇರ್ ನಡೆಯಿತು ಅಂತ ಖುಷಿಯಲ್ಲಿ ನೇರ ಕತ್ತರಿ ಹಿಡಿಯಬೇಡಿ. ಹಳೆಯ ಸಾಫ್ಟ್‌ವೇರ್, ಹೊಸ ಪ್ರಿಂಟರ್, ಇವೆರಡರ ನಡುವೆ ಅಳತೆ ಸದ್ದಿಲ್ಲದೆ ಬದಲಾಗುತ್ತದೆ.

ಹೇಗೆ ಅಂತ ನೋಡಿ. ಈ ಸಾಫ್ಟ್‌ವೇರ್‌ಗಳು ಅಮೆರಿಕದವು, ಅವು ಅಂದುಕೊಳ್ಳೋದು ಲೆಟರ್ ಸೈಜಿನ ಕಾಗದ, ಅಗಲ 215.9 ಮಿಲಿಮೀಟರ್. ನಮ್ಮ ಪ್ರಿಂಟರ್‌ನಲ್ಲಿ ಇರೋದು ಎ4, ಅಗಲ 210. ಪ್ರಿಂಟರ್ 'ಫಿಟ್ ಟು ಪೇಜ್' ಅಂತ ಜಾಣತನ ತೋರಿಸಿ ಎಲ್ಲವನ್ನೂ ಸುಮಾರು ಶೇಕಡಾ 97ಕ್ಕೆ ಕುಗ್ಗಿಸುತ್ತದೆ. ಕಣ್ಣಿಗೆ ಏನೂ ಗೊತ್ತಾಗಲ್ಲ. ಆದರೆ 6 ಇಂಚಿನ ಬ್ಲಾಕ್ 5.84 ಇಂಚಾಗಿರುತ್ತದೆ. ಒಂದು ಸಾಲಿಗೆ ಹತ್ತು ಬ್ಲಾಕ್ ಅಂದರೆ 60 ಇಂಚಿನ ಬದಲು 58.4. ನೀವು ಅಳತೆಗೆ ಕತ್ತರಿಸಿಟ್ಟ ಬಾರ್ಡರ್ ಪಟ್ಟಿ ಒಂದೂವರೆ ಇಂಚಿಗೂ ಜಾಸ್ತಿ ಉಳಿಯುತ್ತದೆ. ಹೊಲಿಗೆಗೆ ಬಿಡುವ ಕಾಲು ಇಂಚಿನ ಅಂಚು, ಅಂದರೆ ಸೀಮ್ ಕೂಡ ಕುಗ್ಗಿರುತ್ತದೆ. ಪ್ರಿಂಟಿನ ಪ್ರಕಾರ ಹೊಲಿದ ಬ್ಲಾಕನ್ನು, ಸ್ಕೇಲಿನಲ್ಲಿ ಅಳೆದು ಕತ್ತರಿಸಿದ ಬ್ಲಾಕಿನ ಜೊತೆ ಸೇರಿಸಿದರೆ ಮೂಲೆಗಳು ಕೂರಲ್ಲ.

ಹಳಿಯಾಳ, ಯಲ್ಲಾಪುರದ ಕಡೆ ಕೌದಿ ಹೊಲಿಯುವ ಸಿದ್ದಿ ಹೆಂಗಸರಿಗೆ ಈ ತಾಪತ್ರಯವೇ ಇಲ್ಲ. ಅವರು ಅಂಚಿನಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡನ್ನು ಹೊಂದಿಸುತ್ತಾ ನಡುವಿಗೆ ಬರುತ್ತಾರೆ. ನಕ್ಷೆಯೂ ಇಲ್ಲ, ಪ್ರಿಂಟರೂ ಇಲ್ಲ. ಬ್ಲಾಕ್ ಜೋಡಿಸುವ ಅಮೆರಿಕದ ಪದ್ಧತಿ ಹಿಡಿದವರಿಗೆ ಮಾತ್ರ ಇಂಚಿನ ಈ ಲೆಕ್ಕ ತಪ್ಪಿದ್ದಲ್ಲ.

ಮಾಡಬೇಕಾದ್ದು ಇಷ್ಟು. ಸಾಫ್ಟ್‌ವೇರ್‌ನ 'ಪ್ರಿಂಟ್ ಸೆಟಪ್'ನಲ್ಲಿ ಕಾಗದವನ್ನು ಎ4 ಮಾಡಿ. ಪ್ರಿಂಟರ್‌ನ ಪ್ರಾಪರ್ಟೀಸ್‌ನಲ್ಲೂ ಎ4 ಇದೆಯಾ ನೋಡಿ, ಎರಡೂ ಒಂದೇ ಇರಬೇಕು. ಪಿಡಿಎಫ್‌ನಿಂದ ಪ್ರಿಂಟ್ ಮಾಡುವುದಾದರೆ 'ಫಿಟ್' ಬೇಡ, 'ಆ್ಯಕ್ಚುವಲ್ ಸೈಜ್' ಅಥವಾ ಶೇಕಡಾ 100 ಆರಿಸಿ. ವರ್ಚುವಲ್ ಮಷೀನ್‌ನಲ್ಲಿ ಇರುವವರು ಒಳಗಿನಿಂದಲೇ ಪ್ರಿಂಟರ್ ಹುಡುಕಿಸುವ ಗೋಜಿಗೆ ಹೋಗಬೇಡಿ. ಅಲ್ಲೊಂದು ಪಿಡಿಎಫ್ ಪ್ರಿಂಟರ್ ಹಾಕಿಕೊಂಡು, ಪಿಡಿಎಫ್ ಮಾಡಿ, ಹೊರಗೆ ತಂದು ಪ್ರಿಂಟ್ ಮಾಡಿ.

ಆಮೇಲೆ ಪರೀಕ್ಷೆ. ಎಡವಟ್ಟಿನ ಡಿಸೈನ್ ಬೇಡ, ಬರೀ 6 ಇಂಚಿನ ಒಂದು ಚೌಕ ಬರೆದು, ಕಾಲು ಇಂಚಿನ ಸೀಮ್ ಸೇರಿಸಿ ಟೆಂಪ್ಲೇಟ್ ಆಗಿ ಪ್ರಿಂಟ್ ಮಾಡಿ. ಬಟ್ಟೆ ಕತ್ತರಿಸುವಾಗ ಯಾವ ಸ್ಕೇಲ್ ಬಳಸುತ್ತೀರೋ ಅದೇ ಸ್ಕೇಲಿನಲ್ಲಿ ಹೊರಗಿನ ಗೆರೆಯಿಂದ ಹೊರಗಿನ ಗೆರೆಗೆ ಅಳೆಯಿರಿ. ಅಡ್ಡಕ್ಕೂ ಉದ್ದಕ್ಕೂ ಆರೂವರೆ ಇಂಚು ಬರಬೇಕು. ಒಂದು ಕಡೆ ಸರಿ ಬಂದು ಇನ್ನೊಂದು ಕಡೆ ಕಡಿಮೆ ಬಂದರೆ ಪ್ರಿಂಟರ್ ಡ್ರೈವರ್‌ನದ್ದೇ ದೋಷ ಇರಬಹುದು, ತಯಾರಕರ ಸೈಟಿನಿಂದ ಹೊಸ ಡ್ರೈವರ್ ಹಾಕಿ ಮತ್ತೆ ನೋಡಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕಡಿಮೆ ಇದ್ದರೆ ಎಲ್ಲೋ ಒಂದು ಕಡೆ 'ಫಿಟ್' ಇನ್ನೂ ಉಳಿದುಕೊಂಡಿದೆ ಅಂತ ಅರ್ಥ. ಆರೂವರೆ ಸರಿಯಾಗಿ ಬಂದ ಹಾಳೆಯ ಮೇಲೆ ಪ್ರಿಂಟರ್ ಹೆಸರು, ಆರಿಸಿದ ಸೆಟ್ಟಿಂಗ್‌ಗಳನ್ನು ಬರೆದು ಸಾಫ್ಟ್‌ವೇರ್‌ನ ಸಿ.ಡಿ. ಡಬ್ಬಿಯೊಳಗೆ ಇಟ್ಟುಬಿಡಿ. ಮುಂದೆ ವಿಂಡೋಸ್ ಅಪ್‌ಡೇಟ್ ಆಗಿ ಸೆಟ್ಟಿಂಗ್ ಬದಲಾದಾಗ ಅದನ್ನು ನೋಡಿಕೊಂಡು ಸರಿಮಾಡಬಹುದು.